ಮೂಡಲಗಿಯ ಆ್ಯಂಟೆನಾ ಯಾಕೆ ಇಳಿಯಿತು

ದಸರಾ ಸೂಟಿ ಬಿದ್ದ ಎರಡನೆಯ ದಿನ ಬೆಳಿಗ್ಗೆ ಆರೂವರೆಗೆ ಧಾರವಾಡದಿಂದ ಗೋಕಾಕದ ಬಸ್ಸು ಹತ್ತಿದೆ. ಟಿಕೀಟು ಮೂವತ್ತೆರಡು ರೂಪಾಯಿ. ಒಂದು ಚೀಲದಲ್ಲಿ ಎರಡು ಸೀರೆ, ಟವೆಲು, ಬುತ್ತಿ. ಇನ್ನೊಂದರಲ್ಲಿ ಸೋಲ್ಡರಿಂಗ್ ಐರನ್, ಮಲ್ಟಿಮೀಟರು, ಪಕ್ಕಡ, ಆ್ಯಂಟೆನಾಕ್ಕೆ ಹೋದ ಶಕ್ತಿಯಲ್ಲಿ ಎಷ್ಟು ತಿರುಗಿ ಬರುತ್ತದೆಂದು ತೋರಿಸುವ ಒಂದು ಸಣ್ಣ ಮೀಟರು. ಕಂಡಕ್ಟರು ಆ ಎರಡನೆಯ ಚೀಲವನ್ನು ಕಾಲಿನಿಂದ ಮೆಲ್ಲಗೆ ಸರಿಸಿ, "ಏನ್ ಐತ್ರಿ ಅಕ್ಕಾರ ಇದರಾಗ, ಕಲ್ಲ ತುಂಬೀರೇನು?" ಎಂದು ಕೇಳಿದ. ರೇಡಿಯೊ ರಿಪೇರಿ ಸಾಮಾನು ಅಂದೆ. "ಹಂಗಾರ ಸೀಟಿನ ಬುಡಕ ಇಡ್ರಿ" ಎಂದು ಮುಂದೆ ಹೋದ.

ಆಗ ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನನಗೆ ಹ್ಯಾಮ್ ರೇಡಿಯೊದ ಹವ್ಯಾಸ. ಪರೀಕ್ಷೆ ಪಾಸು ಮಾಡಿ ಸರಕಾರದ ಲೈಸೆನ್ಸು ಪಡೆದವರು ತಮ್ಮ ಮನೆಯಲ್ಲೇ ಒಂದು ಸೆಟ್ಟು ಇಟ್ಟುಕೊಂಡು, ಮಾಳಿಗೆಯ ಮೇಲೆ ತಂತಿ ಕಟ್ಟಿ, ದೂರದೂರದವರೊಂದಿಗೆ ಮಾತಾಡುವುದು ಇದರ ತಿರುಳು. ದಿನಾ ಬೆಳಿಗ್ಗೆ ಏಳಕ್ಕೆ ನಾವು ಹತ್ತು ಹನ್ನೆರಡು ಜನ ಗಾಳಿಯಲ್ಲಿ, ಅಂದರೆ ರೇಡಿಯೊದ ಮೇಲೆ, ಸೇರುತ್ತಿದ್ದೆವು. ಅವರಲ್ಲಿ ಮೂಡಲಗಿಯ ಭರಮಣ್ಣ ಕಾಕಾ ಎಲ್ಲರಿಗಿಂತ ಹಿರಿಯರು. ಪಂಪಸೆಟ್ಟಿನ ಮೋಟರು ರಿವೈಂಡಿಂಗ್ ಮಾಡುವುದು ಅವರ ಕಸುಬು. ಏಳು ವರ್ಷಗಳಿಂದ ಅವರ ದನಿ ಗೊತ್ತಿತ್ತು, ಮುಖ ನೋಡಿರಲಿಲ್ಲ. ಹೊಸಬರ ಸೆಟ್ಟಿನಲ್ಲಿ ಏನಾದರೂ ಕೊರತೆ ಇದ್ದರೆ ಅವರು ಮುಲಾಜು ಇಲ್ಲದೆ ಹೇಳಿಬಿಡುತ್ತಿದ್ದರು: "ತಮ್ಮಾ, ನಿನ್ನ ಸಿಗ್ನಲ್ ಹೊಲಸ ಐತಿ. ಮೊದಲ ಸ್ವಚ್ಛ ಮಾಡಿಕೊಂಡ ಬಾ, ಆಮ್ಯಾಲ ಮಾತಾಡೂಣು."

ಅಂಥವರು ಐದು ತಿಂಗಳಿಂದ ಗಾಳಿಯಲ್ಲಿ ಇರಲಿಲ್ಲ. ನಾನು ಎರಡು ಕಾಗದ ಬರೆದ ಮೇಲೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಓಣಿಯವರು ತಕರಾರು ಮಾಡಿದ್ದರಿಂದ ಆ್ಯಂಟೆನಾ ಇಳಿಸಿದ್ದೇನೆ, ಇನ್ನು ಈ ವಯಸ್ಸಿನಲ್ಲಿ ಜಗಳ ಬೇಡ, ಸೆಟ್ಟು ಯಾರಾದರೂ ಬೇಕಾದವರಿದ್ದರೆ ತಿಳಿಸಿರಿ ಎಂದಿತ್ತು. ಸೆಟ್ಟು ಕೊಡುವ ಮಾತು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಸೂಟಿಯಲ್ಲಿ ಬರುತ್ತೇನೆ, ಓಣಿಯವರೊಂದಿಗೆ ನಾನೇ ಮಾತಾಡುತ್ತೇನೆ ಎಂದು ಉತ್ತರ ಹಾಕಿದೆ.

ಸವದತ್ತಿ ದಾಟಿ ಯರಗಟ್ಟಿಯಲ್ಲಿ ಬಸ್ಸು ಕಾಲು ತಾಸು ನಿಂತಿತು. ಕಪ್ಪು ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತಿಗೆ ನಡೆದಿತ್ತು. ಹಿಂದಿನ ದಿನ ಮಳೆ ಬಿದ್ದು ರಸ್ತೆಯ ಎರಡೂ ಬದಿಗೆ ಕೆಸರು. ಗೋಕಾಕ ಮುಟ್ಟಿದಾಗ ಹತ್ತೂವರೆ. ಫಾಲ್ಸಿನ ಕಡೆ ಹೋಗಲು ನನಗೆ ಪುರುಸೊತ್ತು ಇರಲಿಲ್ಲ. ಗೋಕಾಕಕ್ಕೆ ಹೋಗಿ ಧಬಧಬೆ ನೋಡದೆ ಬಂದವಳು ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಆಮೇಲೆ ವರ್ಷಗಟ್ಟಲೆ ನನ್ನನ್ನು ಚೇಷ್ಟೆ ಮಾಡಿದರು.

ಕಾಕಾನ ಆ್ಯಂಟೆನಾ ಮತ್ತೆ ಏರಿಸಲು ನನಗೆ ಬೇಕಾದದ್ದು ಕೇಬಲ್ಲು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೇಬಲ್ ಟಿವಿಯ ಸಾಮಾನು ಮಾರುವ ಅಂಗಡಿ ಸಿಕ್ಕಿತು. ಎಪ್ಪತ್ತು ಫೂಟು ದಪ್ಪ ಕೇಬಲ್ಲು ಕೇಳಿದೆ. ಅಂಗಡಿಯವರು ನನ್ನನ್ನೇ ನೋಡಿ, "ಎಷ್ಟ ಮನಿಗೆ ಕನೆಕ್ಷನ್ ಕೊಡಾಕತ್ತೀರಿ?" ಅಂದರು. ಒಂದೇ ಮನೆಗೆ, ಅದೂ ಟಿವಿಗಲ್ಲ ಅಂದೆ. ಹ್ಯಾಮ್ ಅಂದರೇನೆಂದು ಬಿಡಿಸಿ ಹೇಳಬೇಕಾಯಿತು. ಅವರು ಎಲ್ಲ ಕೇಳಿ ಕೇಬಲ್ಲು ಅಳೆಯುತ್ತಾ, "ಅಂದ್ರ ನೀವ ನಮ್ಮ ಗಿರಾಕಿ ಟಿವಿ ಕೆಡಸಾವ್ರು" ಎಂದು ನಕ್ಕರು. ಆ ಮಾತು ಆಗ ನನಗೆ ತಮಾಷೆಯಾಗಿಯೇ ಕಂಡಿತು. ಪಕ್ಕದ ಅಂಗಡಿಯಲ್ಲಿ ಕಾಕಾನ ಮನೆಗೆಂದು ಒಂದು ಕಿಲೊ ಕರದಂಟು ಕಟ್ಟಿಸಿದೆ.

ಮೂಡಲಗಿಯ ಬಸ್ಸಿನಲ್ಲಿ ಅರಭಾವಿಯ ತನಕ ನಿಂತೇ ಹೋದೆ. ಲೋಳಸೂರ ಸೇತುವೆಯ ಕೆಳಗೆ ಘಟಪ್ರಭೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನವರು ಗುಂಪಾಗಿ ಇಳಿದ ಮೇಲೆ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ಎರಡೂ ಕಡೆ ಕಬ್ಬು. ಮನುಷ್ಯರಿಗಿಂತ ಎತ್ತರಕ್ಕೆ ಬೆಳೆದು ಬಸ್ಸಿನ ಕಿಡಕಿಗೆ ಎಲೆ ತಾಗುತ್ತಿದ್ದವು. ಇಷ್ಟು ಕಬ್ಬಿಗೆ ನೀರೆತ್ತುವ ಮೋಟರುಗಳೆಷ್ಟು, ಸುಡುವ ಮೋಟರುಗಳೆಷ್ಟು ಎಂದು ಲೆಕ್ಕ ಹಾಕಿದರೆ ಭರಮಣ್ಣ ಕಾಕಾನ ಕಸುಬು ಇಲ್ಲಿ ಯಾಕೆ ನಡೆಯುತ್ತದೆ ಎಂದು ತಿಳಿಯುತ್ತದೆ.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಬಿಚ್ಚಿದ ಮೋಟರುಗಳು ಸಾಲಾಗಿ ಬಿದ್ದಿದ್ದವು, ವಾರ್ನಿಶಿನ ವಾಸನೆ ರಸ್ತೆಗೇ ಬರುತ್ತಿತ್ತು. ಒಳಗೆ ತೆಳ್ಳಗಿನ, ಬಿಳಿ ಟೊಪಿಗೆಯ ಮನುಷ್ಯರೊಬ್ಬರು ಮಣೆಯ ಮೇಲೆ ಕುಳಿತು ತಾಮ್ರದ ತಂತಿ ಸುತ್ತುತ್ತಿದ್ದರು. ನಾನು ಹೆಸರು ಹೇಳುವ ಮೊದಲೇ, ನಮಸ್ಕಾರ ಅಂದ ಒಂದು ಶಬ್ದಕ್ಕೆ ಅವರು ತಲೆ ಎತ್ತಿದರು.

"ಧಾರವಾಡ ಅಕ್ಕಾರ. ಬರ್ರಿ, ಬರ್ರಿ. ದನಿ ಕೇಳಿ ಭಾಳ ಎತ್ತರ ಇರ್ತೀರಿ ಅನ್ಕೊಂಡಿದ್ನಿ."

ಮನೆ ಅಂಗಡಿಯ ಹಿಂದೆಯೇ. ಅವರ ಹೆಂಡತಿ ಪದ್ಮಕ್ಕ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಉಂಡ ಮೇಲೆ ಕಾಕಾ ಮಾಳಿಗೆಗೆ ಕರೆದೊಯ್ದರು. ಆ್ಯಂಟೆನಾ ಇದ್ದ ಬಿದಿರಿನ ಗಳ ಗೋಡೆಗೆ ಒರಗಿತ್ತು. ತಂತಿಯನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ತೂಗುಹಾಕಿದ್ದರು. ಜಗಳವಾಡಿ ಇಳಿಸಿದ ತಂತಿಯ ಹಾಗೆ ಅದು ಕಾಣಲಿಲ್ಲ. ಯಾರು ತಕರಾರು ಮಾಡಿದವರು ಎಂದು ಕೇಳಿದೆ. ಅವರು ಪಕ್ಕದ ತಗಡಿನ ಮಾಡಿನ ಕಡೆ ಗದ್ದ ಎತ್ತಿ ತೋರಿಸಿದರು. "ಗಿರಣಿ ಶಾಂತವ್ವ. ಅಕಿ ಟಿವ್ಯಾಗ ಗೆರಿ ಬರ್ತಾವಂತ."

ನಾಲ್ಕು ಗಂಟೆಗೆ ನಾನೊಬ್ಬಳೇ ಗಿರಣಿಗೆ ಹೋದೆ. ಕಾಕಾ ಬರಲಿಲ್ಲ, ಕೆಲಸ ಇದೆ ಅಂದರು. ಶಾಂತವ್ವನಿಗೆ ಐವತ್ತರ ವಯಸ್ಸು. ಹುಬ್ಬು, ಸೀರೆ, ತೋಳು ಎಲ್ಲ ಹಿಟ್ಟು. ಗಂಡ ತೀರಿದ ಮೇಲೆ ಗಿರಣಿಯನ್ನು ಆಕೆಯೇ ನಡೆಸುತ್ತಿದ್ದಳು. ಹಿಟ್ಟು ಬೀಸಿಸಲು ಬಂದ ಹೆಂಗಸರು ಕಾಯುವ ಪಡಸಾಲೆಯಲ್ಲಿ ಒಂದು ಟಿವಿ ಇತ್ತು. ನಾನು ಊರಿಂದ ಬಂದ ಕಾರಣ ಹೇಳಿ, ಹ್ಯಾಮ್ ರೇಡಿಯೊಕ್ಕೆ ಸರಕಾರದ ಪರವಾನಗಿ ಇದೆ, ಆ್ಯಂಟೆನಾ ಇಳಿಸು ಅನ್ನುವ ಹಕ್ಕು ಯಾರಿಗೂ ಇಲ್ಲ ಎಂದು ಬಸ್ಸಿನಲ್ಲಿ ತಯಾರಿ ಮಾಡಿಕೊಂಡ ಮಾತನ್ನೆಲ್ಲ ಒಪ್ಪಿಸಿದೆ. ಆಕೆ ಬೆಲ್ಟು ನಿಲ್ಲಿಸಿ ಪೂರ್ತಿ ಕೇಳಿದಳು.

"ನಾ ಇಳಸ್ರಿ ಅಂದೆ ಅಂತ ಯಾರ ಹೇಳಿದ್ರು ನಿಮಗ?"

"ಕಾಕಾ ಬರೆದಿದ್ದರು."

"ಅಕ್ಕಾರ, ಕೇಳ್ರಿ ಇಲ್ಲೆ. ನಾಕ ವರ್ಷದ ಹಿಂದ ನನ್ನ ಗಿರಣಿ ಸ್ಟಾರ್ಟರಿನ ಕಿಡಿ ಅವರ ರೇಡಿಯೋದಾಗ ಕರಕರ ಅಂತೈತಿ ಅಂದ್ರು. ನಾ ಸ್ಟಾರ್ಟರ ಬದಲಿ ಮಾಡಸಿದ್ನಿ. ಯಾಕಂತ ಕೇಳಲಿಲ್ಲ. ಈ ವರ್ಷ ನನ್ನ ಟಿವ್ಯಾಗ ನಿಮ್ಮ ಗೆರಿ ಬರಾಕತ್ತಾವು ನೋಡ್ರಿ ಅಂತ ಒಂದ ಸಲ ಹೇಳಿದೆ. ಒಂದ ಸಲ. ನನ್ನ ಸೆಟ್ಟಿನ್ಯಾಗ ಅಂಥಾ ದೋಷ ಇಲ್ಲ, ನಿನ್ನ ಬೂಸ್ಟರ್ ಕೆಟ್ಟೈತಿ ಅಂದ್ರು. ಮರುದಿನ ಗಳಾನ ಇಳಸಿಬಿಟ್ರು. ಅವತ್ತಿಂದ ನನ್ನ ಕೂಡ ಮಾತಿಲ್ಲ."

ಆಕೆ ಒಂದು ಕುರ್ಚಿ ಒರೆಸಿ ಕೊಟ್ಟು, ಖರೆ ಯಾರದು ಅಂತ ಪರೀಕ್ಷೆ ಮಾಡಿ ನೋಡಿರಿ, ನನ್ನ ಟಿವಿ ಇಲ್ಲೇ ಇದೆ ಅಂದಳು.

ಕಾಕಾ ಜೈನರು, ಹೊತ್ತು ಮುಳುಗುವ ಮೊದಲು ಅವರ ಮನೆಯಲ್ಲಿ ಊಟ ಮುಗಿಯಬೇಕು. ಅದಕ್ಕಿಂತ ಮುಂಚೆಯೇ ಪರೀಕ್ಷೆ ಮಾಡಿಬಿಡೋಣ ಎಂದು ಕಾಕಾನಿಗೆ ಹೇಳಿದೆ. ಹಳೇ ತಂತಿಯನ್ನು ಮೊದಲಿದ್ದ ಹಾಗೆಯೇ ಏರಿಸಿದೆವು. ಅವರು ಸಿಗ್ನಲ್ ಕಳಿಸುವ ಗುಂಡಿ ಒತ್ತಲು ಸೆಟ್ಟಿನ ಮುಂದೆ ಕುಳಿತರು, ನಾನು ಗಿರಣಿಯ ಟಿವಿಯ ಮುಂದೆ, ಪದ್ಮಕ್ಕ ನಡುವಿನ ಕಂಪೌಂಡಿನ ಬಳಿ ನಿಂತು ಆ ಕಡೆಯ ಮಾತು ಈ ಕಡೆಗೆ ಮುಟ್ಟಿಸಿದರು. "ಒತ್ತ್ಯಾರಂತ ನೋಡ್ರಿ" ಎಂದು ಪದ್ಮಕ್ಕ ಕೂಗಿದ ಕ್ಷಣವೇ ಟಿವಿಯಲ್ಲಿ ಹೆಂಗಸಿನ ಮುಖದ ಮೇಲೆ ದಪ್ಪ ಗೆರೆಗಳು ಹರಿದಾಡಿದವು. "ಬಿಟ್ಟಾರ" ಅಂದಾಗ ಮಾಯ. ಹತ್ತು ಸಲ ಮಾಡಿದೆವು, ಹತ್ತೂ ಸಲ ಅದೇ. ಟಿವಿಯ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಕಳಚಿ ನೋಡಿದೆ. ಆಗಲೂ ಬಂತು. ಶಾಂತವ್ವನ ಟಿವಿಯಲ್ಲಿ ದೋಷವಿರಲಿಲ್ಲ.

ಅಂಗಡಿಗೆ ಮರಳಿದಾಗ ಕಾಕಾ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಿದ್ದರು.

"ನನಗ ಗೊತ್ತಿತ್ರಿ ಅಕ್ಕಾರ," ಅಂದರು. "ಅಕಿ ಹೇಳಿದ ದಿನಾನ ನಾ ಸಂಜಿ ಮುಂದ ಹಿತ್ತಲದಾಗ ಹೋಗಿ ಅರ್ಥಿಂಗ್ ನೋಡಿದ್ನಿ. ಪೈಪು ಜಂಗ ಹಿಡದ ತುಂಡಾಗಿತ್ತು. ಸೆಟ್ಟಿನ್ಯಾಗ ಫಿಲ್ಟರೂ ಇಲ್ಲ. ಇಪ್ಪತ್ತ ವರ್ಷದಿಂದ ಇಲ್ಲ. ಊರಿಗೆಲ್ಲಾ ಸಿಗ್ನಲ್ ಸ್ವಚ್ಛ ಇಟಗೋರಿ ಅಂತ ಹೇಳಾಂವ ನಾ. ಯಾವ ಬಾಯಿಲೆ ಹೇಳಲಿ?"

"ಸರಿ ಮಾಡಿ ಮತ್ತೆ ಶುರು ಮಾಡಬಹುದಿತ್ತಲ್ಲ?"

"ಸರಿ ಮಾಡಿದ್ರ ತಪ್ಪಿತ್ತು ಅಂತ ಒಪ್ಪಿಕೊಂಡಂಗ ಆಗ್ತಿತ್ತು. ಇಳಸೂದ ಹಗುರ ಅನಸ್ತು."

ಪದ್ಮಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಐದ ತಿಂಗಳಾತು, ಮುಂಜಾನೆದ್ದ ಆ ಕುರ್ಚಿ ಮ್ಯಾಲ ಸುಮ್ನ ಕುಂಡ್ರತಾರ. ನಾ ಕೇಳಿದ್ರೂ ಹೇಳಿಲ್ಲ" ಅಂದರು. ಬಳಿಕ ತಾಟು ಹಾಕಿದರು. ಬೆಳಕಿರುವಾಗಲೇ ಉಂಡೆವು.

ಮರುದಿನ ಪೂರ್ತಿ ಕೆಲಸದ ದಿನ. ಬಿಸಿಲು ಚೆನ್ನಾಗಿ ಬಿದ್ದಿತ್ತು. ನಡೆದದ್ದು ಇಷ್ಟು: ನಮ್ಮ ಸೆಟ್ಟು ತನಗೆ ಹೇಳಿದ ಕಂಪನದ ಜೊತೆಗೆ ಅದರ ಎಂಟು ಪಟ್ಟು, ಒಂಬತ್ತು ಪಟ್ಟಿನ ಕಂಪನಗಳನ್ನೂ ಒಂದಿಷ್ಟು ಹೊರಗೆ ಬಿಡುತ್ತದೆ. ಅವು ಟಿವಿಯ ಚಾನಲ್ಲಿನ ಮೇಲೆ ಹೋಗಿ ಬೀಳುತ್ತವೆ. ಕೆಳಗಿನದನ್ನು ಬಿಟ್ಟು ಮೇಲಿನದನ್ನು ತಡೆಯುವ ಒಂದು ಫಿಲ್ಟರು ನಡುವೆ ಹಾಕಬೇಕು. ಅದಕ್ಕೆ ಬೇಕಾದ ಸುರುಳಿಗಳನ್ನು ಸುತ್ತಲು ಮೂಡಲಗಿಯಲ್ಲಿ ಭರಮಣ್ಣ ಕಾಕಾನಿಗಿಂತ ಒಳ್ಳೆಯ ಕೈ ಎಲ್ಲಿ ಸಿಗಬೇಕು? ನಾನು ಲೆಕ್ಕ ಬರೆದು ಕೊಟ್ಟೆ, ಅವರು ಪೆನ್ಸಿಲಿನ ಮೇಲೆ ಸುತ್ತಿ ಸುತ್ತಿ ತೆಗೆದರು. ಹಾಲಿನ ಪುಡಿಯ ಖಾಲಿ ಡಬ್ಬಿಯೊಳಗೆ ಎಲ್ಲ ಕೂರಿಸಿ ಬೆಸೆದೆವು. ಹಿತ್ತಲಲ್ಲಿ ಹೊಸ ಪೈಪು ಹೂತು, ಇದ್ದಲಿ ಉಪ್ಪು ಹಾಕಿ, ನೀರು ಹೊಯ್ದೆವು.

ಆ್ಯಂಟೆನಾವನ್ನೂ ಬದಲಿಸಬೇಕಿತ್ತು. ಹಳೆಯದು ಒಂದೇ ಉದ್ದ ತಂತಿ, ಶಾಂತವ್ವನ ಟಿವಿ ಗಳದ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಅದರ ಬದಲು ಮೂವತ್ತಮೂರು ಫೂಟಿನ ಎರಡು ತಂತಿ, ನಡುವೆ ಎತ್ತರದ ಒಂದು ಗಳ, ಎರಡೂ ತುದಿ ಕೆಳಗಿಳಿದು ಮನೆಯ ಮಾಡಿನ ಆಕಾರ. ತಾಮ್ರದ ತಂತಿ ಆಮೇಲೆ ಹಿಗ್ಗಬಾರದೆಂದು ಬೇವಿನ ಮರಕ್ಕೆ ಒಂದು ತುದಿ ಕಟ್ಟಿ ಇನ್ನೊಂದು ತುದಿಯನ್ನು ನಾವಿಬ್ಬರೂ ಜಗ್ಗಿ ಜಗ್ಗಿ ಎಳೆದೆವು. ತುದಿಗೆ ಪಿವಿಸಿ ಪೈಪಿನ ತುಂಡು, ಅದಕ್ಕೆ ನೈಲಾನ್ ಹಗ್ಗ. ಗೋಕಾಕದ ಕೇಬಲ್ಲು ನಡುಮಧ್ಯದಿಂದ ಕೆಳಗಿಳಿಯಿತು. ತೊಡಕಾದದ್ದು ಜಾಗದ್ದು. ಟಿವಿಯಿಂದ ದೂರ ಹೋಗಬೇಕೆಂದರೆ ಒಂದು ತುದಿಯನ್ನು ಗಿರಣಿಯ ಹಿಂದಿನ ಬಯಲಿನಲ್ಲಿ ಕಟ್ಟಬೇಕು. ಆ ಬಯಲು ಶಾಂತವ್ವನದು.

"ನೀವ ಕೇಳ್ರಿ" ಎಂದರು ಕಾಕಾ ನನಗೆ.

"ಮಾತು ಬಿಟ್ಟವರು ನೀವು," ಅಂದೆ.

ಅವರು ಟೊಪಿಗೆ ಸರಿ ಮಾಡಿಕೊಂಡು ಹೋದರು. ನಾನು ಕಂಪೌಂಡಿನ ಈಚೆ ಹಗ್ಗ ಹಿಡಿದು ನಿಂತಿದ್ದೆ. ಗಿರಣಿಯ ಸದ್ದು ನಿಂತಿತು. "ಶಾಂತವ್ವ, ನಿನ್ನ ಬೂಸ್ಟರ್ ಛಲೋ ಐತಿ" ಎಂಬ ಮಾತು ಕೇಳಿಸಿತು. ಆಮೇಲೆ ಏನು ಮಾತಾಡಿದರೋ ಗೊತ್ತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶಾಂತವ್ವನೇ ಒಂದು ಕಬ್ಬಿಣದ ಗೂಟ, ಸುತ್ತಿಗೆ ತಂದು, "ಎಲ್ಲಿ ಬಡೀಲಿ ಹೇಳ್ರಿ" ಎಂದು ಬಯಲಿಗೆ ಬಂದಳು. ಗಳ ಎಬ್ಬಿಸುವಾಗ ಆಕೆಯ ತೋಳಿನ ಬಲವೇ ನಮಗೆ ಹೆಚ್ಚು ಉಪಯೋಗಕ್ಕೆ ಬಂತು.

ಸಂಜೆ ಮತ್ತೆ ಅದೇ ಪರೀಕ್ಷೆ. ಪದ್ಮಕ್ಕ "ಒತ್ತ್ಯಾರ" ಅಂದರು. ಟಿವಿಯ ಚಿತ್ರ ಅಲುಗಲಿಲ್ಲ. ಹಿಟ್ಟಿಗೆ ಬಂದಿದ್ದ ಹೆಂಗಸರು ನಾವು ಏನು ನೋಡುತ್ತಿದ್ದೇವೆಂದು ತಿಳಿಯದೆ ನಮ್ಮನ್ನೇ ನೋಡಿದರು.

ನಾಳೆ ನೇರ ಧಾರವಾಡಕ್ಕೆ ಹೋಗಬೇಕೆಂದು ನನ್ನ ಯೋಚನೆ ಇತ್ತು. ಊಟದ ಮೊದಲು ಕಾಕಾ ಒಂದು ಕಟ್ಟಿಗೆಯ ಪೆಟ್ಟಿಗೆ ತಂದು ಮುಂದಿಟ್ಟರು. ಒಳಗೆ ಹಿತ್ತಾಳೆಯ ಒಂದು ಸಾಧನ: ಎರಡು ಸುರುಳಿ, ಅವುಗಳ ಮೇಲೆ ಕುಣಿಯುವ ಒಂದು ಸಣ್ಣ ಸನ್ನೆಕೋಲು. ತಂತಿ ಕಚೇರಿಗಳಲ್ಲಿ ಹಿಂದೆ ಟಕ್ ಟಕ್ ಎಂದು ಸುದ್ದಿ ಹೇಳುತ್ತಿದ್ದ ಸೌಂಡರ್ ಎಂಬ ಯಂತ್ರ. ಕಾಕಾ ಅದನ್ನು ತಾವೇ ಮಾಡಿದ್ದರು.

ಇದು ಹುಕ್ಕೇರಿಯ ದಸ್ತಗೀರಸಾಬರಿಗೆ ಅಂದರು. ಅವರು ಅಂಚೆ ಕಚೇರಿಯಲ್ಲಿ ತಂತಿ ಕೆಲಸ ಮಾಡಿ ನಿವೃತ್ತರಾದವರು. ಊರಲ್ಲಿ ತಾರ್ ಮಾಸ್ತರ ಎಂದೇ ಹೆಸರು. ಕಾಕಾನಿಗೆ ಮೋರ್ಸ್, ಅಂದರೆ ಅಕ್ಷರಗಳನ್ನು ಗಿಡ್ಡ ಉದ್ದ ಸದ್ದಿನಲ್ಲಿ ಕಳಿಸುವ ತಂತಿಯ ಭಾಷೆ, ಕಲಿಸಿದವರು ಅವರೇ. ಅವರಿಗೆ ಹ್ಯಾಮ್ ಲೈಸೆನ್ಸು ಇಲ್ಲ. ಆದರೆ ಕಾಕಾ ಮಾಡಿಕೊಟ್ಟ ರಿಸೀವರಿನಲ್ಲಿ, ಕಲಿಯುವವರಿಗಾಗಿ ಕಾಕಾ ದಿನಾ ಕಳಿಸುತ್ತಿದ್ದ ನಿಧಾನದ ಮೋರ್ಸ್ ಪಾಠವನ್ನು ತಪ್ಪದೆ ಕೇಳಿ, ಆದ ತಪ್ಪುಗಳನ್ನು ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದರು. ವಯಸ್ಸಾದಂತೆ ರೇಡಿಯೊದ ಪೀಂ ಪೀಂ ಸ್ವರ ಕಿವಿಗೆ ಹಿಡಿಯದಾಯಿತು. ಟಕ್ ಟಕ್ ಆದರೆ ಈಗಲೂ ತಿಳಿಯುತ್ತದೆ ಎಂದು ಅವರು ಬರೆದಿದ್ದರು. ಸೌಂಡರು ತಯಾರಾದ ವಾರವೇ ಆ್ಯಂಟೆನಾ ಇಳಿದಿತ್ತು.

"ಕಳಿಸಾಕ ಮುಖ ಇರಲಿಲ್ರಿ. ನಾಳೆ ಹನ್ನೆರಡಕ್ಕ ನಾ ಪಾಠ ಕಳಸ್ತೇನಿ. ನೀವ ಅದನ್ನ ಜೋಡಿಸಿ ಕೊಡ್ರಿ."

ಮೂರನೆಯ ದಿನ ಆರಕ್ಕೆ ಮೂಡಲಗಿ ಬಿಟ್ಟು, ಗೋಕಾಕದಲ್ಲಿ ಬಸ್ಸು ಬದಲಿಸಿ, ಘಟಪ್ರಭಾ ಸ್ಟೇಶನ್ನಿನ ಗೇಟಿನಲ್ಲಿ ಗೂಡ್ಸ್ ಗಾಡಿಗೆ ಕಾದು ಹುಕ್ಕೇರಿ ಮುಟ್ಟಿದಾಗ ಒಂಬತ್ತೂ ಮುಕ್ಕಾಲು. ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಸ್ಟ್ಯಾಂಡಿನಲ್ಲಿ ಚಹಾ ಕುಡಿದು ತಾರ್ ಮಾಸ್ತರರ ಮನೆ ಕೇಳಿದೆ. ಹಳೇ ಗುಮ್ಮಟಗಳ ಕಡೆಯ ಓಣಿಯೆಂದು ಚಹಾದವನೇ ತೋರಿಸಿದ.

ದಸ್ತಗೀರಸಾಬರು ಎಪ್ಪತ್ತೈದು ದಾಟಿದವರು. ಇಸ್ತ್ರಿ ಮಾಡಿದ ಅಂಗಿಯ ಕಿಸೆಯಲ್ಲಿ ಎರಡು ಪೆನ್ನು. ಕಾಕಾನ ಹೆಸರು ಹೇಳಿದಾಗ ಮೊದಲು ಕೇಳಿದ ಪ್ರಶ್ನೆ, "ಆರಾಮ ಅದಾನೇನ್ರಿ?" ಆರಾಮಿದ್ದಾರೆ ಅಂದ ಮೇಲೆಯೇ ಕೂಡ್ರಿ ಅಂದರು. ಐದು ತಿಂಗಳಲ್ಲಿ ಮೂರು ಕಾರ್ಡು ಹಾಕಿದ್ದರಂತೆ, ಒಂದಕ್ಕೂ ಉತ್ತರವಿಲ್ಲ. "ನನಗ ಸಿಟ್ಟ ಬರಲಿಲ್ರಿ ಬಾಯಿ, ಅಂಜಿಕಿ ಬಂತು. ನಮ್ಮ ವಯಸ್ಸಿನಾಗ ಉತ್ತರ ಬರಲಿಲ್ಲಂದ್ರ ಬ್ಯಾರೇನ ವಿಚಾರ ಬರ್ತಾವ."

ಸೊಸೆ ಏಣಿ ಹಿಡಿದರು, ನಾನು ಮಾಳಿಗೆ ಹತ್ತಿ ಹೊಸ ತಂತಿ ಎಳೆದೆ. ರಿಸೀವರಿನ ಸ್ಪೀಕರಿಗೆ ಹೋಗುವ ದನಿಯಿಂದ ಸೌಂಡರು ಬಡಿಯುವಂತೆ ಜೋಡಿಸಿದೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಸ್ವಿಚ್ಚು ಹಾಕಿದರೆ ಬರೀ ಕರೆಂಟಿನ ಗದ್ದಲಕ್ಕೆ ಅದು ಹಲ್ಲು ಕಡಿದ ಹಾಗೆ ಕಟಕಟ ಅನ್ನತೊಡಗಿತು. ನಾನು ವಾಲ್ಯೂಮು ಇಳಿಸಿದೆ, ತಿಳಿದದ್ದೆಲ್ಲ ಮಾಡಿದೆ, ನಿಲ್ಲಲಿಲ್ಲ. "ಸರೀರಿ ಸ್ವಲ್ಪ" ಎಂದು ಮಾಸ್ತರರು ಕುರ್ಚಿ ಎಳೆದುಕೊಂಡರು. ಸನ್ನೆಕೋಲಿನ ಹಿಂದಿನ ಸ್ಪ್ರಿಂಗಿನ ತಿರುಪನ್ನು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಅಷ್ಟಷ್ಟೇ ತಿರುಗಿಸಿದರು. ಸದ್ದು ನಿಂತಿತು.

ಹನ್ನೆರಡಕ್ಕೆ ಸೌಂಡರು ಟಕ್ ಎಂದಿತು. ಆಮೇಲೆ ಬಿಡದೆ. ಮಾಸ್ತರರು ಕಾಗದ ಮುಟ್ಟಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತಿದ್ದ ಕನ್ನಡವನ್ನು ಒಂದೊಂದೇ ಶಬ್ದವಾಗಿ ಬಾಯಲ್ಲಿ ಹೇಳುತ್ತ ಹೋದರು.

"ಗುರುಗಳಿಗೆ... ನಮಸ್ಕಾರ... ಓಣಿ... ಟಿವಿ... ಕೆಡಸಿದ್ದು... ನನ್ನ ಸೆಟ್ಟು... ತಪ್ಪು ನಂದು..." ಸೌಂಡರು ಮತ್ತೆ ಅದನ್ನೇ ಬಡಿಯಿತು. "ತಪ್ಪು ನಂದು."

ಬಳಿಕ ದಿನದ ಪಾಠ ಬಂತು, ಐದೈದು ಅಕ್ಷರಗಳ ಗುಂಪು. ಅದನ್ನೂ ಕೊನೆಯ ತನಕ ಕೇಳಿದರು. ಉತ್ತರ ಕೊಡಲು ಅಲ್ಲಿ ಸೆಟ್ಟೂ ಇರಲಿಲ್ಲ, ಅನುಮತಿಯೂ ಇರಲಿಲ್ಲ. ಸೌಂಡರು ಸುಮ್ಮನಾದ ಮೇಲೆ ಅವರು ಚಷ್ಮಾ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಸೊಸೆ ಊಟಕ್ಕೆ ಕರೆದದ್ದು ಅವರಿಗೆ ಕೇಳಿಸಲಿಲ್ಲ.

ನಾನು ಹೊರಡುವಾಗ ಬಸ್‌ಸ್ಟ್ಯಾಂಡಿನ ತನಕ ಬಂದರು. "ಅವಗ ಒಂದ ಮಾತ ಮುಟ್ಟಸ್ರಿ," ಅಂದರು. "ತಪ್ಪು ನಂದು ಅಂತ ಎರಡ ಸಲ ಕಳಿಸ್ಯಾನ. ತಾರಿನ್ಯಾಗ ಖರೆ ಮಾತ ಒಂದ ಸಲ ಕಳಿಸಿದ್ರ ಸಾಕು."

ಸಂಕೇಶ್ವರಕ್ಕೆ ಬಂದು ಬೆಳಗಾವಿಯ ಬಸ್ಸು, ಅಲ್ಲಿಂದ ಧಾರವಾಡ. ಯಮಕನಮರಡಿಯ ಗುಡ್ಡದ ಬಳಿ ಜೋರು ಮಳೆ ಬಂದು ಕಿಡಕಿ ಮುಚ್ಚಿದವರು ಬೆಳಗಾವಿಯ ತನಕ ತೆಗೆಯಲಿಲ್ಲ. ಮನೆ ಸೇರಿದಾಗ ಏಳೂವರೆ.

ಮರುದಿನ ಬೆಳಿಗ್ಗೆ ಏಳಕ್ಕೆ ಸೆಟ್ಟು ಹಾಕಿದೆ. ಮೂಡಲಗಿಯ ದನಿ ಬಂದಾಗ ನಾಲ್ಕೈದು ಜನ ಒಮ್ಮೆಲೇ ಮಾತಾಡಿ ಯಾರದೂ ತಿಳಿಯದಂತಾಯಿತು. ಎಲ್ಲಿದ್ದಿರಿ ಇಷ್ಟು ದಿನ ಎಂದು ಯಾರೋ ಕೇಳಿದರು. ಭರಮಣ್ಣ ಕಾಕಾ, ನನ್ನ ಸೆಟ್ಟಿನಿಂದ ಬಾಜೂ ಮನೆಯ ಟಿವಿ ಕೆಡುತ್ತಿತ್ತು, ಗೊತ್ತಿದ್ದೂ ಆಕೆಯದೇ ತಪ್ಪು ಅಂದಿದ್ದೆ, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಹೇಳಿದರು. ಒಂದೇ ಸಲ ಹೇಳಿದರು. ಬಳಿಕ ದಾವಣಗೆರೆಯ ಡಾಕ್ಟರೊಬ್ಬರು, "ಫಿಲ್ಟರಿನ ಸುರುಳಿಗೆ ಎಷ್ಟು ಸುತ್ತು ಹಾಕಿದಿರಿ? ಸ್ವಲ್ಪ ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತೇನೆ" ಅಂದರು.

ನಾನೂ ಪೆನ್ನು ತೆಗೆದುಕೊಂಡೆ. ನಮ್ಮ ಓಣಿಯ ಮೂಲೆಮನೆಯವರು ಎರಡು ವರ್ಷದ ಹಿಂದೆ ತಮ್ಮ ಟಿವಿಯಲ್ಲಿ ಗೆರೆ ಬರುತ್ತವೆಂದು ನನಗೆ ಹೇಳಿದ್ದರು. ಮೂಡಲಗಿಯಲ್ಲಿ ಲೆಕ್ಕ ಬರೆದುಕೊಟ್ಟವಳು ನಾನೇ ಆದರೂ, ನನ್ನ ಸೆಟ್ಟಿಗೆ ಆ ಫಿಲ್ಟರು ಇರಲಿಲ್ಲ.